ಶಿಫ್ಟ್ ಬದಲಾವಣೆ: ಯೂನಿಯನ್‌ನಲ್ಲಿ ಇಲ್ಲದವರೂ ಓದಿ

ಎಲ್ಲರಿಗೂ ನಮಸ್ಕಾರ. ಶಿಫ್ಟ್ ಬದಲಾವಣೆ ಬಗ್ಗೆ ಮ್ಯಾನೇಜ್‌ಮೆಂಟ್ ಯೂನಿಯನ್ ಜೊತೆ ಮಾತ್ರ ಮಾತಾಡಿದೆ, ನಮ್ಮನ್ನು ಯಾರೂ ಕೇಳಲಿಲ್ಲ ಅಂತ ನಿನ್ನೆ ಸುರತ್ಕಲ್ ಬಸ್ಸಲ್ಲಿ ಮೂರ್ನಾಲ್ಕು ಜನ ಹೇಳಿದರು. ಬೇಜಾರು ಸರಿಯೇ. ಶಿಫ್ಟ್, ಕೆಲಸದ ಹೊತ್ತು, ಭತ್ಯೆ ಬದಲಿಸುವ ಮೊದಲು 21 ದಿನದ ನೋಟಿಸ್ ಕೊಡಬೇಕು ಅಂತ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಆ ನೋಟಿಸ್ ಬದಲಾವಣೆ ತಟ್ಟುವ ಎಲ್ಲ ಕೆಲಸಗಾರರಿಗೆ, ಚಂದಾ ಕಟ್ಟಿದವರಿಗೆ ಮಾತ್ರ ಅಲ್ಲ.

ಮಾತುಕತೆಗೆ ಕೂರುವುದು ಬೇರೆ. ಹೊಸ ಸಂಹಿತೆಯಲ್ಲಿ ಒಂದಕ್ಕಿಂತ ಜಾಸ್ತಿ ಯೂನಿಯನ್ ಇದ್ದರೆ ಕೆಲಸಗಾರರಲ್ಲಿ ಶೇ 51 ಬೆಂಬಲ ಇರುವುದಕ್ಕೆ ಮಾತುಕತೆಯ ಕುರ್ಚಿ, ಯಾರಿಗೂ ಅಷ್ಟಿಲ್ಲದಿದ್ದರೆ ಯೂನಿಯನ್‌ಗಳ ಪ್ರತಿನಿಧಿಗಳು ಸೇರಿದ ಕೌನ್ಸಿಲ್‌ಗೆ. ಆದರೆ ಸಂಧಾನಾಧಿಕಾರಿ (ಎರಡೂ ಕಡೆಯವರನ್ನು ರಾಜಿ ಮಾಡಿಸುವ ಸರ್ಕಾರಿ ಅಧಿಕಾರಿ) ಮುಂದೆ ಆದ ಒಪ್ಪಂದ ಯೂನಿಯನ್ ಬೇಡ ಅಂತ ದೂರ ಕೂತವರಿಗೂ ಅನ್ವಯ. ಸುಮ್ನೆ ಕೂತರೆ ನಷ್ಟ ನಮ್ಮದೇ ಮಾರಾಯ್ರೆ.

ಶುಕ್ರವಾರ ಸಂಜೆ 5.30ಕ್ಕೆ ಕ್ಯಾಂಟೀನ್ ಹಿಂದೆ ಸೇರೋಣ. ಆಕ್ಷೇಪ ಒಂದು ಪುಟದಲ್ಲಿ ಬರೆದು ತನ್ನಿ, ನೋಟಿಸ್ ಕೈಗೆ ಸಿಕ್ಕಿದ ದಿನಾಂಕ ಬೇಕೇ ಬೇಕು, ಸಿಗದಿದ್ದರೆ ಅದನ್ನೂ ಬರೆಯಿರಿ. ಅಲ್ಲಿಯವರೆಗೆ ಗುಡ್ ಮಾರ್ನಿಂಗ್ ಫೋಟೋ ಬೇಡ, ಈ ಮೆಸೇಜ್ ಮೇಲೆ ಹೋಗಿಬಿಡುತ್ತದೆ.