ಮಗಳಿಗೊಂದು ಪತ್ರ: ಗರ್ಟ್ರೂಡ್ ಕಲಿಸಿದ ಲ್ಯಾಟಿನ್

ಪ್ರೀತಿಯ ಪುಟ್ಟಿ,

ಇಂಗ್ಲೆಂಡಿನ ಪ್ರಿಪರೇಟರಿ ಶಾಲೆಗಳ ಮೇಲಿನ ನಿನ್ನ ಪ್ರಬಂಧಕ್ಕೆ ಯಾವ ಶಾಲೆ ತಗೊಳ್ಳಲಿ ಅಂತ ಕೇಳಿದ್ದೆಯಲ್ಲ, ಆಕ್ಸ್‌ಫರ್ಡಿನ ಸಮ್ಮರ್ ಫೀಲ್ಡ್ಸ್ ತಗೋ. ಪ್ರಿಪರೇಟರಿ ಅಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ಮುಂಚೆ ಬರುವ ಪರೀಕ್ಷೆ. ಇಂಗ್ಲೆಂಡಿನಲ್ಲಿ ಅದು ಒಂದು ಬಗೆಯ ಶಾಲೆಯ ಹೆಸರು. ಹುಡುಗರು ಸುಮಾರು 8ನೇ ವಯಸ್ಸಿಗೆ ಸೇರಿ 13ಕ್ಕೆ ಬಿಡುತ್ತಿದ್ದರು. ಅಲ್ಲಿಂದ ಈಟನ್, ವಿಂಚೆಸ್ಟರ್, ರಗ್ಬಿಯಂಥ ದೊಡ್ಡ ಶಾಲೆಗೆ. ಈ ದೊಡ್ಡ ಶಾಲೆಗಳಿಗಿರುವ ಪಬ್ಲಿಕ್ ಸ್ಕೂಲ್ ಅನ್ನುವ ಹೆಸರು ನೋಡಿ ಸರ್ಕಾರಿ ಶಾಲೆ ಅಂದುಕೊಂಡೀಯೆ. ಅವೆಲ್ಲ ದುಬಾರಿ ಖಾಸಗಿ ಶಾಲೆಗಳು.

ಮೊದಲು ಚಿಕ್ಕವರೂ ದೊಡ್ಡವರೂ ಒಂದೇ ಹಾಸ್ಟೆಲಿನಲ್ಲಿರುತ್ತಿದ್ದರು. ಎಂಟು ವರ್ಷದ ಮಗು ಹದಿನೆಂಟರ ಹುಡುಗನ ಕೈಕೆಳಗೆ ಸಿಕ್ಕರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಚಿಕ್ಕವರಿಗೇ ಬೇರೆ ಶಾಲೆ ಬೇಕು ಅನ್ನುವ ಮಾತು ಬಲಿತದ್ದು ಇದರಿಂದ. 1837ರಲ್ಲಿ ಚಾರ್ಲ್ಸ್ ಮಾಲ್ಡನ್ ಎಂಬ ನೌಕಾಪಡೆಯ ಅಧಿಕಾರಿ ಶುರು ಮಾಡಿದ ವಿಂಡಲ್‌ಷಮ್ ಹೌಸ್ ಇಂಥ ಮೊದಮೊದಲ ಶಾಲೆಗಳಲ್ಲೊಂದು. ಪೆಸಿಫಿಕ್ ಸಾಗರದಲ್ಲಿ ಆತನ ಹೆಸರಿನ ಒಂದು ದ್ವೀಪವೇ ಇದೆ.

ಸಮ್ಮರ್ ಫೀಲ್ಡ್ಸ್ ಶುರುವಾದದ್ದು 1864ರಲ್ಲಿ. ಒಂಬತ್ತು ದೊಡ್ಡ ಶಾಲೆಗಳನ್ನು ತನಿಖೆ ಮಾಡಿದ ಕ್ಲಾರೆಂಡನ್ ಆಯೋಗದ ವರದಿ ಹೊರಬಿದ್ದದ್ದೂ ಅದೇ ವರ್ಷ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದು. ಶಿಫಾರಸಿನಿಂದ ಸಿಗುತ್ತಿದ್ದ ಜಾಗಗಳು ಒಂದೊಂದಾಗಿ ಪರೀಕ್ಷೆಗೆ ತೆರೆದುಕೊಳ್ಳುತ್ತಿದ್ದ ಕಾಲ ಅದು. ಬ್ರಿಟಿಷರ ಕಾಲದ ನಮ್ಮ ಆಡಳಿತ ಸೇವೆಯಾದ ಐಸಿಎಸ್ ಹುದ್ದೆಗಳಿಗೂ ಲಂಡನ್ನಿನಲ್ಲಿ 1855ರಿಂದಲೇ ಸ್ಪರ್ಧಾತ್ಮಕ ಪರೀಕ್ಷೆ ನಡೆಯುತ್ತಿತ್ತು. ಈಟನ್‌ನಲ್ಲಿ ವಿದ್ಯಾರ್ಥಿವೇತನದ ಜಾಗ ಒಟ್ಟು 70. ವರ್ಷಕ್ಕೆ ಖಾಲಿಯಾಗುವುದು ಸುಮಾರು 14. ಆ ಹದಿನಾಲ್ಕರೊಳಗೆ ನಿಲ್ಲುವಂತೆ ಹುಡುಗರನ್ನು ತಯಾರು ಮಾಡುವುದರಲ್ಲೇ ಸಮ್ಮರ್ ಫೀಲ್ಡ್ಸ್ ಹೆಸರು ಮಾಡಿತು.

ಶಾಲೆ ನಡೆಸಿದ್ದು ಗಂಡ ಹೆಂಡತಿ. ಗಂಡ ಆರ್ಚಿಬಾಲ್ಡ್ ಮೆಕ್ಲಾರೆನ್ ಆಕ್ಸ್‌ಫರ್ಡಿನಲ್ಲಿ ಕತ್ತಿವರಸೆ ಹೇಳಿಕೊಡುತ್ತಿದ್ದವರು. 1858ರಲ್ಲಿ ಅಲ್ಲೇ ವ್ಯಾಯಾಮಶಾಲೆ ತೆರೆದರು. ಸೈನ್ಯ ತರಬೇತಿಗೆ ಕಳಿಸಿದ ಮೊದಲ 12 ಜನರ ಎದೆಸುತ್ತಳತೆ, ತೋಳು, ತೂಕ ಎಲ್ಲ ಮೊದಲೂ ಕೊನೆಗೂ ಅಳೆದು ಬರೆದಿಟ್ಟರು. ತೂಕ ಸರಾಸರಿ 10 ಪೌಂಡ್ ಏರಿತ್ತು. ಗಟ್ಟಿ ದೇಹದಲ್ಲಿ ಗಟ್ಟಿ ಮನಸ್ಸು ಅನ್ನುವ ಅರ್ಥದ ಧ್ಯೇಯವಾಕ್ಯ ಶಾಲೆಗೆ ಬಂದದ್ದು ಸುಮ್ಮನೆ ಅಲ್ಲ. ಆದರೆ ಪರೀಕ್ಷೆ ಗೆಲ್ಲಿಸಿದ್ದು ಹೆಂಡತಿ ಗರ್ಟ್ರೂಡ್. ಆಕೆಯ ತಂದೆ ಟಾಲ್‌ಬಾಯ್ಸ್ ಆಕ್ಸ್‌ಫರ್ಡಿನ ಪುಸ್ತಕ ವ್ಯಾಪಾರಿ. ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್ ಓದಿಸಿದವರು. ಆ ಗ್ರೀಕನ್ನೂ ಲ್ಯಾಟಿನ್ನನ್ನೂ ಗರ್ಟ್ರೂಡ್ ತಾವೇ ಹುಡುಗರಿಗೆ ಕಲಿಸಿದರು.

ಆ ಪಾಠದ ಕಷ್ಟ ಏನು ಅನ್ನುವುದು ನಿನ್ನ ಪ್ರಬಂಧದಲ್ಲಿ ಬರಲೇಬೇಕು. ಹನ್ನೆರಡರ ಹುಡುಗರು ಲ್ಯಾಟಿನ್ ಓದಿದರೆ ಸಾಲದು, ಲ್ಯಾಟಿನ್ನಿನಲ್ಲಿ ಪದ್ಯ ಕಟ್ಟಬೇಕು. ನಿನಗೆ ಗುರು ಲಘು ಗೊತ್ತಿರುವುದರಿಂದ ಇದು ಇಂಗ್ಲಿಷಿನವರಿಗಿಂತ ಬೇಗ ಹತ್ತುತ್ತದೆ. ಅಲ್ಲಿನ ಮುಖ್ಯ ಗಣ ನಮ್ಮ ಭಗಣವೇ: ಒಂದು ಗುರು, ಎರಡು ಲಘು. ಅದರ ಬದಲು ಎರಡು ಗುರು ಬರಬಹುದು. ಪದ್ಯ ಎರಡೆರಡು ಸಾಲಿನ ಜೋಡಿ. ಮೊದಲ ಸಾಲಿಗೆ ಆರು ಗಣ. ಮೊದಲ ನಾಲ್ಕರಲ್ಲಿ ಯಾವುದಾದರೂ ಸರಿ, ಐದನೆಯದು ಸಾಮಾನ್ಯವಾಗಿ ಭಗಣ, ಆರನೆಯದಕ್ಕೆ ಎರಡೇ ಅಕ್ಷರ. ಎರಡನೇ ಸಾಲು ಎರಡೂವರೆ ಗಣದ ಎರಡು ತುಂಡು; ಎರಡನೇ ತುಂಡಿನಲ್ಲಿ ಭಗಣದ ಬದಲು ಎರಡು ಗುರು ಹಾಕುವಂತಿಲ್ಲ. ಹುಡುಗರು ಎಡವುತ್ತಿದ್ದದ್ದು ಹೆಚ್ಚಾಗಿ ಇಲ್ಲೇ.

ಇನ್ನೊಂದು ತೊಡಕು ಲಿಪಿಯದು. ನಾವು 'ಮ', 'ಮಾ' ಅಂತ ಬೇರೆ ಬೇರೆ ಬರೆಯುತ್ತೇವೆ. ಲ್ಯಾಟಿನ್ ಬರವಣಿಗೆಯಲ್ಲಿ ಆ ವ್ಯತ್ಯಾಸ ಕಾಣುವುದೇ ಇಲ್ಲ. 'ಮಲುಮ್' ಅಂದರೆ ಕೆಡುಕು, 'ಮಾಲುಮ್' ಅಂದರೆ ಸೇಬು. ಕಾಗದದ ಮೇಲೆ ಎರಡೂ ಒಂದೇ. ಹಾಗಾಗಿ ಪ್ರತಿ ಪದದ ಹ್ರಸ್ವ ದೀರ್ಘ ಬಾಯಿಪಾಠವಾಗಿರಬೇಕು, ಇಲ್ಲವೇ ಗುರುತು ಹಾಕಿದ ನಿಘಂಟು ತಿರುವಬೇಕು. ಒತ್ತಕ್ಷರದ ಹಿಂದಿನದು ಗುರು ಅನ್ನುವ ನಮ್ಮ ನಿಯಮ ಅಲ್ಲೂ ಬಹುಮಟ್ಟಿಗೆ ನಡೆಯುತ್ತದೆ. ಪದದ ಕೊನೆಯಲ್ಲಿ ಸ್ವರವಿದ್ದು ಮುಂದಿನ ಪದವೂ ಸ್ವರದಿಂದ ಶುರುವಾದರೆ ನಮ್ಮ ಲೋಪಸಂಧಿಯ ಹಾಗೆ ಮೊದಲಿನದು ಬಿದ್ದುಹೋಗುತ್ತದೆ. ಅದು ಮರೆತರೆ ಲೆಕ್ಕದಲ್ಲಿ ಒಂದು ಅಕ್ಷರ ಜಾಸ್ತಿ, ಸಾಲು ಕೆಟ್ಟಿತು. ಇದನ್ನು ಮಕ್ಕಳ ತಲೆಗೆ ಹತ್ತಿಸುವುದು ಒಂದು ವಾರದ ಕೆಲಸವಲ್ಲ, ವರ್ಷಗಟ್ಟಲೆ ದಿನವೂ ಕೂರಿಸಿ ಮಾಡಿಸುವ ಕೆಲಸ. ಹುಡುಗರ ಗೆಲುವನ್ನು ಬರೆಯುವವರು ಈ ದುಡಿಮೆಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನೀನು ಹಾಗೆ ಮಾಡಬೇಡ.

1892ರಲ್ಲಿ ಇಂಥ ಶಾಲೆಗಳ ಮುಖ್ಯೋಪಾಧ್ಯಾಯರು ಸೇರಿ ಸಂಘ ಕಟ್ಟಿದರು. 1904ರಲ್ಲಿ ಕಾಮನ್ ಎಂಟ್ರೆನ್ಸ್ ಬಂತು. ಅದಕ್ಕೆ ಮುಂಚೆ ಒಂದೊಂದು ದೊಡ್ಡ ಶಾಲೆಗೂ ಅದರದೇ ಪ್ರವೇಶ ಪರೀಕ್ಷೆ. ಹತ್ತು ಹುಡುಗರು ಹತ್ತು ಕಡೆ ಹೊರಟರೆ ಮೇಷ್ಟ್ರು ಹತ್ತು ಥರ ಪಾಠ ಮಾಡಬೇಕಿತ್ತು. ಈಗ ಪ್ರಶ್ನೆಪತ್ರಿಕೆ ಒಂದೇ ಆಯಿತು. ಆದರೆ ಉತ್ತರಪತ್ರಿಕೆ ತಿದ್ದುವುದು ಹುಡುಗ ಸೇರಬೇಕೆಂದಿರುವ ಶಾಲೆಯವರೇ. ಎಷ್ಟಕ್ಕೆ ಪಾಸು ಅನ್ನುವುದನ್ನೂ ಅವರೇ ಗೊತ್ತುಮಾಡುತ್ತಾರೆ. ಆದ್ದರಿಂದ ಎರಡು ಶಾಲೆಗಳ ಅಂಕ ಹೋಲಿಸಿ ತೀರ್ಮಾನ ಬರೆಯಬೇಡ, ತಪ್ಪಾಗುತ್ತದೆ.

ಸಮ್ಮರ್ ಫೀಲ್ಡ್ಸ್‌ನಲ್ಲಿ ಓದಿದವರಲ್ಲಿ ಬ್ರಿಟನ್ನಿನ ಪ್ರಧಾನಿಯಾದ ಹೆರಾಲ್ಡ್ ಮ್ಯಾಕ್‌ಮಿಲನ್ ಇದ್ದಾರೆ. 1943ರಿಂದ 1947ರವರೆಗೆ ನಮ್ಮಲ್ಲಿ ವೈಸರಾಯ್ ಆಗಿದ್ದ ವೇವೆಲ್ ಕೂಡ ಇದ್ದಾರೆ. ನಿನ್ನ ಗೈಡು ಈ ಹೆಸರುಗಳನ್ನು ಕೇಳಿಯಾರು, ಹಾಕು. ಜೊತೆಗೆ ಈ ತಾರೀಖುಗಳನ್ನೂ ಹಾಕು: ಗರ್ಟ್ರೂಡ್ ತೀರಿಕೊಂಡದ್ದು 1896ರಲ್ಲಿ. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡಲು ಶುರು ಮಾಡಿದ್ದು 1920ರಲ್ಲಿ.

ಮೊದಲ ಕರಡು ಬರೆದ ಮೇಲೆ ಕಳಿಸು, ಓದುತ್ತೇನೆ.

ನಿನ್ನ
ಅಮ್ಮ