ಸಾಬು ಹಾರಿದ್ದನ್ನೂ ನೆನೆಯೋಣ

ಮಾನ್ಯ ಸಂಪಾದಕರೇ,

ಹಾಲಿವುಡ್‌ನ ಹಳೆಯ ತಾರೆಯರ ಬಗ್ಗೆ ಬರೆಯುವವರು, ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬುವನ್ನು ಆನೆಯ ಮೇಲಿನ ಹುಡುಗನೆಂದಷ್ಟೇ ನೆನೆಯುವುದು ನನಗೆ ಬೇಸರ ತರಿಸುತ್ತದೆ. 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಹೆಸರಾದ ಅವರು 1944ರಲ್ಲಿ ಅಮೆರಿಕದ ಪೌರತ್ವ ಪಡೆದರು. ಅಲ್ಲಿನ ಸೇನಾ ವಾಯುಪಡೆಯಲ್ಲಿ ಬಿ-24 ಲಿಬರೇಟರ್ ಬಾಂಬರ್‌ನ ಗನ್ನರ್ (ಮೆಷಿನ್‌ಗನ್ ಚಲಾಯಿಸುವವ) ಆಗಿ ಪೆಸಿಫಿಕ್ ರಣರಂಗದಲ್ಲಿ ಹಾರಿ, ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಗಳಿಸಿದರು. ಇದೇ ಮಾದರಿಯ ಬಾಂಬರ್ ನಡೆಸಿದ ನಟ ಜೇಮ್ಸ್ ಸ್ಟೀವರ್ಟ್ ಅವರ ಸಾಹಸವನ್ನು ಹೊಗಳುವವರು ನಮ್ಮಲ್ಲೂ ಇದ್ದಾರೆ.

ಆ ವಿಮಾನಕ್ಕೂ ಬೆಂಗಳೂರಿಗೂ ನಂಟಿದೆ. ಯುದ್ಧಾನಂತರ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಹಾರುವಷ್ಟು ಸರಿಪಡಿಸಿ ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಪೂರ್ತಿ ದುರಸ್ತಿ ಮಾಡಿ, ಭಾರತೀಯ ವಾಯುಪಡೆಗೆ ಒಪ್ಪಿಸಿದರು. ಆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ತಂದೆ, ಗನ್ನರ್ ಕೂರುವ ಗೂಡು ಎಷ್ಟು ಇಕ್ಕಟ್ಟೆಂಬುದನ್ನು ಮೊಣಕಾಲು ಮಡಚಿ, ಭುಜ ಕುಗ್ಗಿಸಿ ಕೂತು ತೋರಿಸುತ್ತಾ, “ನಮ್ಮ ಮೈಸೂರು ಸೀಮೆಯ ಸಾಬು ಇಂಥದ್ದರಲ್ಲೇ ಕೂತಿದ್ದ ಕಣೋ” ಎನ್ನುತ್ತಿದ್ದರು. ಆ ಮಾತಿನಲ್ಲಿದ್ದ ಹೆಮ್ಮೆ ನನಗಿನ್ನೂ ಕೇಳಿಸುತ್ತದೆ.

ಸಾಬು 1963ರಲ್ಲಿ, ಕೇವಲ 39ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಾಲವನ್ನು ಕಂಡವರು ಈಗ ವಿರಳ. ಆದ್ದರಿಂದ ಕಾರಾಪುರದ ಸುತ್ತಮುತ್ತಲಿನ ಮಾವುತ ಕುಟುಂಬಗಳಲ್ಲಿ ಮತ್ತು ಕಾರ್ಖಾನೆಯ ಹಳೆಯ ನೌಕರರ ಮನೆಗಳಲ್ಲಿ ಉಳಿದಿರುವ ನೆನಪುಗಳನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ತಡಮಾಡದೆ ಧ್ವನಿಮುದ್ರಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.

– ಓದುಗ, ಮೈಸೂರು