ಆ ಕಪ್ಪು ಚುಕ್ಕಿಯ ಮುಂದೆ ಕೂತದ್ದು

ಪ್ರೀತಿಯ ಗೆಳೆಯಾ,

ದೆಹಲಿಯ ಆ ಗ್ಯಾಲರಿಯಲ್ಲಿ ನಾನು ಒಂದೇ ಚಿತ್ರದ ಮುಂದೆ ಕೂತುಬಿಟ್ಟಿದ್ದೆ, ನೀನು ಅಷ್ಟರಲ್ಲಿ ಮೂರು ಕೋಣೆ ಸುತ್ತಿ ಬಂದು "ಒಂದು ಕಪ್ಪು ಗುಂಡು ತಾನೇ, ಇದರಲ್ಲಿ ಏನು ನೋಡ್ತಾ ಇದೀಯೋ?" ಎಂದು ಕೇಳಿದೆ. ನನಗೆ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೂ ಎಷ್ಟೋ ಜನಕ್ಕೆ ಇರುತ್ತದೆ, ಅದಕ್ಕೇ ಎಲ್ಲರೂ ಓದುವ ಹಾಗೆ ಇಲ್ಲೇ ಹಾಕುತ್ತಿದ್ದೇನೆ.

ಆ ಚಿತ್ರ ಬರೆದವರು ಕಲಾವಿದ ಎಸ್. ಎಚ್. ರಜಾ. 1922ರಲ್ಲಿ ಈಗಿನ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯಲ್ಲಿ ಹುಟ್ಟಿದವರು. ಅಪ್ಪನಿಗೆ ಅರಣ್ಯ ಇಲಾಖೆಯಲ್ಲಿ ಕೆಲಸ, ಸುತ್ತಲೂ ಕಾಡು. ಹುಡುಗನಿಗೆ ಪಾಠದಲ್ಲಿ ಮನಸ್ಸೇ ನಿಲ್ಲುತ್ತಿರಲಿಲ್ಲ. ಮೇಷ್ಟ್ರು ಶಾಲೆಯ ಜಗಲಿ ಗೋಡೆ ಮೇಲೆ ಒಂದು ಚುಕ್ಕಿ ಇಟ್ಟು, ಎದುರಿಗೆ ಕೂರಿಸಿ, ಬೇರೆಲ್ಲ ಮರೆತು ಇದನ್ನೇ ನೋಡು ಎಂದರಂತೆ. ರಜಾ ಇದನ್ನು ಮುಂದೆ ತಾವೇ ಹೇಳಿಕೊಂಡಿದ್ದಾರೆ. 1950ರಲ್ಲಿ ಪ್ಯಾರಿಸ್ಸಿಗೆ ಹೋದರು, ಊರು ಮನೆ ಬಯಲುಗಳನ್ನು ಬರೆದರು, ದೊಡ್ಡ ಹೆಸರೂ ಬಂತು. ಆದರೂ 1970ರ ದಶಕದಲ್ಲಿ ಇದು ಸಾಲದು ಅನ್ನಿಸಿ ಒಳಗೇ ಹುಡುಕಾಡಿ, 1980ರ ಹೊತ್ತಿಗೆ ಮತ್ತೆ ಚುಕ್ಕಿಗೇ ಬಂದು ನಿಂತರು. ಆಮೇಲೆ ಮೂರು ದಶಕ ಆ ಚುಕ್ಕಿ, ಅಂದರೆ ಬಿಂದು, ಅವರನ್ನು ಬಿಡಲಿಲ್ಲ. ಬರೆದದ್ದನ್ನೇ ಬರೆದರು ಎಂದವರಿದ್ದಾರೆ. ಜಪ ಮಾಡುವವರು ದಿನಾ ಹೊಸ ಹೆಸರು ಹುಡುಕುವುದಿಲ್ಲ ಅಲ್ವಾ?

ನಮ್ಮ ಅಜ್ಜಿ ನಿನಗೆ ನೆನಪಿರಬೇಕು. ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈ ಮೇಲಿಟ್ಟುಕೊಂಡು ನೋಡುತ್ತಾ ಕೂತಿರುತ್ತಿದ್ದಳು. ಅದೂ ಕಪ್ಪು. ಅದೂ ಗುಂಡು. ಮುಖ ಇಲ್ಲ, ಕೈಕಾಲು ಇಲ್ಲ. ನಾನೂ ಚಿಕ್ಕವನಿದ್ದಾಗ ನಿನ್ನ ಪ್ರಶ್ನೆಯನ್ನೇ ಕೇಳಿದ್ದೆ, ಅಜ್ಜಿ ಅದರಾಗೇನು ಕಾಣ್ತೈತಿ ಅಂತ. "ಮೊದಲ ದೀಪ ಕಾಣ್ತೈತಿ, ಆಮ್ಯಾಲ ಅದೂ ಮರತ ಹೋಗ್ತೈತಿ" ಅಂದಿದ್ದಳು. ಆಗ ಏನೂ ತಿಳಿಯಲಿಲ್ಲ.

ಅವತ್ತು ಆ ಚಿತ್ರದ ಮುಂದೆ ಸ್ವಲ್ಪ ತಿಳಿಯಿತು. ಮೊದಲು ಕಣ್ಣು ಸುಮ್ನೆ ಹೆಸರು ಹುಡುಕುತ್ತಿತ್ತು: ಸೂರ್ಯನೋ, ಬೀಜವೋ, ಬಾವಿಯೋ. ಮರ, ಮನೆ ಇರುವ ಚಿತ್ರವಾದರೆ ಹೆಸರು ಸಿಕ್ಕಿಬಿಡುತ್ತದೆ, ಕಣ್ಣು ಮುಂದೆ ಹೋಗುತ್ತದೆ. ಇಲ್ಲಿ ಸಿಗಲಿಲ್ಲ. ಬೇಜಾರಾಯಿತು. ಸುತ್ತಲಿನ ಕೆಂಪು, ಹಳದಿ ತ್ರಿಕೋನಗಳನ್ನು ಎಣಿಸಿದೆ, ರೈಲಿನ ಟಿಕೆಟ್ ನೆನಪಾಯಿತು, ಆಫೀಸಿನ ಜಗಳ ನೆನಪಾಯಿತು, ಪ್ರತಿ ಸಲವೂ ಕಣ್ಣು ತಾನಾಗಿ ಆ ಕಪ್ಪಿಗೇ ವಾಪಸ್ಸು ಬಂತು. ಒಂದು ಹಂತದಲ್ಲಿ ಆ ಕಪ್ಪು ಚಪ್ಪಟೆಯಾಗಿ ಉಳಿಯಲಿಲ್ಲ, ಒಳಕ್ಕೆ ಆಳ ಇದ್ದ ಹಾಗೆ ಕಂಡಿತು, ಸ್ವಲ್ಪ ಹೆದರಿಕೆಯೂ ಆಯಿತು. ಚಿಕ್ಕಂದಿನಲ್ಲಿ ಕಾಡಿನ ರಾತ್ರಿಗಳು ತಮ್ಮನ್ನು ಹೆದರಿಸುತ್ತಿದ್ದವು ಎಂದು ರಜಾ ಹೇಳಿದ್ದಾರೆ. ಆ ರಾತ್ರಿಯೂ ಈ ಬಣ್ಣದಲ್ಲಿ ಇರಬೇಕು. ನೀನು ಬಂದು ಭುಜ ಮುಟ್ಟಿದಾಗ ನಾನು ಏನನ್ನೂ ಯೋಚಿಸುತ್ತಿರಲಿಲ್ಲ. ನನಗೆ ಅಂಥದ್ದು ಎಷ್ಟು ಅಪರೂಪ ಅಂತ ನಿನಗೆ ಗೊತ್ತು.

ಹೀಗೆ ಗುರುತು ಸಿಗುವ ವಸ್ತುವೇ ಇಲ್ಲದ ಎಲ್ಲ ಅಮೂರ್ತ ಚಿತ್ರಗಳೂ ಹೀಗೆ ಮಾಡುತ್ತವೆ ಎಂದು ನಾನು ಹೇಳುವುದಿಲ್ಲ, ಸೋಫಾದ ಬಣ್ಣಕ್ಕೆ ಹೊಂದಲಿ ಅಂತ ಬರೆದವೇ ಜಾಸ್ತಿ. ಫೋನಿನಲ್ಲಿ ನೋಡಿದರೆ ರಜಾ ಅವರ ಬಿಂದುವೂ ಬರೀ ಡಿಸೈನು. ಎದುರಿಗೆ ಕೂರಬೇಕು, ನಮ್ಮ ಮೈಗೆ ಅದರ ಅಳತೆ ತಿಳಿಯಬೇಕು.

ಹತ್ತಿರ ಹತ್ತಿರ 60 ವರ್ಷ ಫ್ರಾನ್ಸಿನಲ್ಲಿದ್ದು ರಜಾ ದೆಹಲಿಗೆ ವಾಪಸ್ಸು ಬಂದರು. ಬಂದ ಮೇಲೂ ಬರೆಯುತ್ತಲೇ ಇದ್ದರು. 2016ರಲ್ಲಿ ತೀರಿಕೊಂಡಾಗ ಅವರ ಆಸೆಯಂತೆ ಮಂಡ್ಲಾದಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿದರು.

ಚಳಿಗಾಲದಲ್ಲಿ ಇನ್ನೊಂದು ಸಲ ದೆಹಲಿಗೆ ಹೋಗೋಣ ಕಣೋ. ಉಳಿದ ಕೋಣೆಗಳನ್ನು ಬಿಡು. ಫೋನು ಬ್ಯಾಗಿನಲ್ಲಿಟ್ಟು ಅರ್ಧ ಗಂಟೆ ನನ್ನ ಪಕ್ಕ ಕೂತುಕೋ. ಟಿಕೆಟ್ ನಾನೇ ಮಾಡಿಸುತ್ತೇನೆ.

ನಿನ್ನ ಗೆಳೆಯ